ನಾಲ್ಕು ದನಿಯ ಮೋಟೆಟ್ ಕೇಳಲು ಕಲಿಯೋಣ: ಜೋಸ್ಕಾನ್‌ನ ‘ಆವೆ ಮರೀಯಾ’

ನಾಲ್ಕು ಜನ ಹಾಡುತ್ತಿದ್ದಾರೆ. ನಾಲ್ವರದೂ ಬೇರೆ ಬೇರೆ ಧಾಟಿ. ಒಬ್ಬರು ಒಂದು ಪದದಲ್ಲಿದ್ದರೆ ಇನ್ನೊಬ್ಬರು ಅದರ ಹಿಂದಿನ ಪದದಲ್ಲಿದ್ದಾರೆ. ಮೃದಂಗ ಇಲ್ಲ, ಪಲ್ಲವಿ ತಿರುಗಿ ಬರೋದಿಲ್ಲ. ಇಂಥದ್ದನ್ನು ಎಲ್ಲಿಂದ ಹಿಡಿದು ಕೇಳಬೇಕು?

ನಾನು ಮೊದಲ ಸಲ ಮೋಟೆಟ್ ಕೇಳಿದ್ದು ಫೋನಿನ ಸ್ಪೀಕರಿನಲ್ಲಿ, ಸಾರಿಗೆ ಒಗ್ಗರಣೆ ಹಾಕುತ್ತಾ. ಹಿತವಾಗಿತ್ತು, ಆದರೆ ಏನೂ ತಲೆಗೆ ಹೋಗಲಿಲ್ಲ. ಊದುಬತ್ತಿ ಹೊಗೆ ಥರ ಸುಮ್ನೆ ಸುಳಿದು ಹೋಯಿತು. ಎಷ್ಟೋ ಜನ ಅಲ್ಲೇ ನಿಂತುಬಿಡುತ್ತಾರೆ. ‘ಮನಸ್ಸಿಗೆ ಶಾಂತಿ ಕೊಡುವ ಸಂಗೀತ’ ಅಂತ ಹೆಸರಿಟ್ಟು, ನಿದ್ದೆ ಬರಿಸೋಕೆ ಹಾಕಿಕೊಳ್ಳುತ್ತಾರೆ. ನನಗೆ ಅದು ಸರಿ ಕಾಣೋದಿಲ್ಲ. ಈ ಹಾಡುಗಳ ಒಳಗೆ ಬೇಕಾದಷ್ಟು ಓಟ ಇದೆ, ಕಣ್ಣಾಮುಚ್ಚಾಲೆ ಇದೆ. ಅದು ಕಿವಿಗೆ ಬೀಳಬೇಕಾದರೆ ಒಂದು ಅರ್ಧ ಗಂಟೆ ಕೂರಬೇಕು, ಅಷ್ಟೇ.

ಮೋಟೆಟ್ ಅಂದರೆ ಏನು ಅಂತ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಹದಿನೈದು, ಹದಿನಾರನೇ ಶತಮಾನದ ಯುರೋಪಿನಲ್ಲಿ ಲ್ಯಾಟಿನ್ ಭಾಷೆಯ ಭಕ್ತಿಯ ಮಾತುಗಳನ್ನು ಹಲವು ದನಿಗಳಿಗೆ ಹೆಣೆದ ಹಾಡು. ಮೂಲದಲ್ಲಿ ಫ್ರೆಂಚಿನ ‘ಮೋ’, ಅಂದರೆ ‘ಮಾತು’ ಅನ್ನುವುದರಿಂದ ಬಂದ ಹೆಸರು. ಒಂದೊಂದು ದನಿಗೂ ತನ್ನದೇ ಧಾಟಿ ಇರುತ್ತದೆ, ಯಾವುದೂ ಇನ್ನೊಂದರ ಪಕ್ಕವಾದ್ಯ ಅಲ್ಲ. ನಮ್ಮ ಕಿವಿಗೆ ಕಷ್ಟ ಆಗೋದು ಇಲ್ಲೇ. ಕರ್ನಾಟಕ ಸಂಗೀತವಾಗಲಿ ಭಾವಗೀತೆಯಾಗಲಿ, ಒಂದು ಮುಖ್ಯ ಧಾಟಿ ಇರುತ್ತದೆ, ಮಿಕ್ಕದ್ದೆಲ್ಲ ಅದಕ್ಕೆ ನೆರಳು. ಇಲ್ಲಿ ‘ಮುಖ್ಯ’ ಯಾವುದು ಅಂತ ಹುಡುಕಿದರೆ ಸಿಗೋದಿಲ್ಲ.

ಕಲಿಯಲು ನಾನು ಆರಿಸಿರುವುದು ಆ ಕಾಲದ ಸಂಗೀತ ರಚನೆಕಾರ ಜೋಸ್ಕಾನ್ ದೆ ಪ್ರೇ ಬರೆದ ‘ಆವೆ ಮರೀಯಾ… ವಿರ್ಗೊ ಸೆರೇನಾ’. ನಾಲ್ಕೇ ದನಿ, ಸುಮಾರು ಐದು ನಿಮಿಷ. ಕಲಿಯುವವರಿಗಾಗಿಯೇ ಮಾಡಿಟ್ಟ ಹಾಗಿದೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. 1502ರಲ್ಲಿ ವೆನಿಸ್‌ನ ಒತ್ತಾವಿಯಾನೊ ಪೆತ್ರುಚ್ಚಿ ಮೋಟೆಟ್‌ಗಳ ಮೊದಲ ಸಂಗ್ರಹ ಅಚ್ಚು ಹಾಕಿದಾಗ ಇದನ್ನೇ ಎಲ್ಲಕ್ಕಿಂತ ಮುಂದೆ ಇಟ್ಟಿದ್ದ. ಅಂಗಡಿಯವರು ಒಳ್ಳೆ ಹಣ್ಣನ್ನು ಮೇಲೆ ಇಡುತ್ತಾರಲ್ಲ, ಹಾಗೆ.

ಮೊದಲು: ಸರಿಯಾದ ‘ಆವೆ ಮರೀಯಾ’ ಹುಡುಕಿ

ಇದು ಸಣ್ಣ ಕೆಲಸ ಅಲ್ಲ. ಬರೀ ‘ಆವೆ ಮರೀಯಾ’ ಅಂತ ಟೈಪ್ ಮಾಡಿದರೆ ಶೂಬರ್ಟ್ ಬರುತ್ತಾನೆ, ಗೂನೋ ಬರುತ್ತಾನೆ. ಅವೆರಡೂ ಹತ್ತೊಂಬತ್ತನೇ ಶತಮಾನದವು, ಒಂದು ದನಿ ಹಾಡುವಂಥವು. ಜೋಸ್ಕಾನ್ ಹೆಸರು ಸೇರಿಸಿದರೂ ಮೋಸ ಹೋಗಬಹುದು. ಅವನದೇ ಆರು ದನಿಯ ಇನ್ನೊಂದು ‘ಆವೆ ಮರೀಯಾ’ ಇದೆ, ‘ಪಾತೆರ್ ನೋಸ್ತೆರ್’ ಅನ್ನುವುದರ ಎರಡನೇ ಭಾಗವಾಗಿ. ಅದಕ್ಕೂ ಒಂದು ಕಥೆ ಇದೆ. ಜೋಸ್ಕಾನ್ 1521ರಲ್ಲಿ ಕೋಂದೆ ಅನ್ನುವ ಊರಿನಲ್ಲಿ ತೀರಿಕೊಂಡ. ಊರಿನ ಮೆರವಣಿಗೆಗಳು ತನ್ನ ಮನೆ ಮುಂದೆ ಬಂದಾಗ ನಿಂತು ಅದನ್ನು ಹಾಡಬೇಕು ಅಂತ ದುಡ್ಡು ಇಟ್ಟು ಹೋಗಿದ್ದ. ಆದರೆ ಇವತ್ತು ನಮಗೆ ಬೇಕಾದ್ದು ಅದಲ್ಲ. ‘ವಿರ್ಗೊ ಸೆರೇನಾ’ ಅನ್ನುವ ಎರಡು ಪದ ಸೇರಿಸಿ ಹುಡುಕಿ.

ಧ್ವನಿಮುದ್ರಣಗಳು ಬಹಳ ಇವೆ. ನನ್ನ ಸಲಹೆ, ಮೊದಲಿಗೆ ಒಂದೊಂದು ದನಿಗೆ ಒಬ್ಬೊಬ್ಬರೇ ಹಾಡಿರುವುದನ್ನು ಆರಿಸಿ. ಹಿಲಿಯರ್ಡ್ ಎನ್ಸೆಂಬಲ್ ಅನ್ನುವ ಬ್ರಿಟಿಷ್ ತಂಡದ್ದು ಒಂದಿದೆ. ಎಲ್ಲರೂ ಗಂಡಸರೇ, ಗೆರೆ ಎಳೆದ ಹಾಗೆ ಸ್ಪಷ್ಟ. ಮೂವತ್ತು ಜನರ ಕಾಯರ್ ದೊಡ್ಡ ಚರ್ಚಿನಲ್ಲಿ ಹಾಡಿದ್ದು ಕೇಳೋಕೆ ಭವ್ಯ, ಆದರೆ ಪ್ರತಿಧ್ವನಿಯಲ್ಲಿ ದನಿಗಳ ಅಂಚು ಕರಗಿಹೋಗುತ್ತದೆ. ಅದನ್ನು ಆಮೇಲೆ ಕೇಳಿ.

ಎರಡನೆಯದು: ಕಿವಿ ಸಿದ್ಧ ಮಾಡಿಕೊಳ್ಳಿ

ಹೆಡ್‌ಫೋನ್ ಹಾಕಿ. ಫೋನಿನ ಸ್ಪೀಕರಿನಲ್ಲಿ ಕೆಳಗಿನ ದನಿ, ಅಂದರೆ ಬಾಸ್, ಅರ್ಧಕ್ಕರ್ಧ ಕಾಣೆಯಾಗುತ್ತದೆ.

ನಾಲ್ಕು ದನಿಗಳ ಹೆಸರು ಗೊತ್ತಿರಲಿ. ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್. ಜೋಸ್ಕಾನ್‌ನ ಕಾಲದ ಚರ್ಚಿನ ಹಾಡುಗಾರರ ತಂಡಗಳಲ್ಲಿ ಹೆಂಗಸರು ಇರುತ್ತಿರಲಿಲ್ಲ. ಮೇಲಿನ ದನಿಯನ್ನು ಹುಡುಗರು ಹಾಡುತ್ತಿದ್ದರು, ಇಲ್ಲವೇ ಗಂಡಸರೇ ಕಳ್ಳದನಿಯಲ್ಲಿ ಹಾಡುತ್ತಿದ್ದರು. ಈಗ ಹೆಚ್ಚಿನ ಕಡೆ ಹೆಂಗಸರು ಹಾಡುತ್ತಾರೆ.

ಇನ್ನೊಂದು ಕೆಲಸ. ಹಾಡಿನ ಮೊದಲ ಐದು ಸ್ವರ ನಿಮ್ಮ ಗಂಟಲಿನಲ್ಲಿ ಕೂರಬೇಕು. ಸಂಗೀತ ಪಾಠಕ್ಕೆ ಹೋದವರಿಗೆ ಇದು ನೀರು ಕುಡಿದಷ್ಟು ಸುಲಭ: ಕೆಳಗಿನ ಪ, ಆಮೇಲೆ ಸ, ಸ, ರಿ, ಗ. ಶಂಕರಾಭರಣದ ಸ್ವರಗಳು ಅಂದುಕೊಳ್ಳಿ. ‘ಆ-ವೆ ಮ-ರೀ-ಯಾ’, ಐದು ಅಕ್ಷರಕ್ಕೆ ಐದು ಸ್ವರ. ಪ ದಿಂದ ಸ ಗೆ ಒಂದು ನೆಗೆತ, ಆಮೇಲೆ ಎರಡು ಮೆಟ್ಟಿಲು ಮೇಲಕ್ಕೆ. ತಂಬೂರಿ ಆ್ಯಪ್ ಇದ್ದರೆ ಹಾಕಿಕೊಂಡು ನಾಲ್ಕೈದು ಸಲ ಹೇಳಿಕೊಳ್ಳಿ. ಗಮಕ ಬೇಡ. ರಿ, ಗ ಎರಡನ್ನೂ ಅಲುಗಿಸದೆ ನೇರವಾಗಿ ಹಿಡಿಯಬೇಕು. ನಮ್ಮವರಿಗೆ ಕಷ್ಟ ಆಗೋದು ಇದೇ. ಗ ಹಿಡಿದ ತಕ್ಷಣ ಗಂಟಲು ತಾನಾಗೇ ತೂಗಾಡೋಕೆ ಶುರು ಮಾಡುತ್ತದೆ. ತಡೆಯಿರಿ. ನಾಲ್ಕು ದನಿ ಒಟ್ಟಿಗೆ ನಿಲ್ಲಬೇಕಾದ ಕಡೆ ಒಂದು ದನಿ ತೂಗಾಡಿದರೂ ಮಿಕ್ಕ ಮೂರಕ್ಕೆ ನಿಲ್ಲೋಕೆ ಜಾಗ ಸಿಗೋದಿಲ್ಲ.

ಈ ಧಾಟಿ ಜೋಸ್ಕಾನ್‌ನ ಸ್ವಂತದ್ದಲ್ಲ. ಚರ್ಚಿನಲ್ಲಿ ಮೊದಲಿನಿಂದ ಒಂದೇ ದನಿಯಲ್ಲಿ ಹಾಡಿಕೊಂಡು ಬಂದಿದ್ದ ಹಳೆಯ ಹಾಡಿನಿಂದ ತೆಗೆದುಕೊಂಡದ್ದು.

ಮೂರನೆಯದು: ಮಾತುಗಳನ್ನು ಓದಿ

ಲ್ಯಾಟಿನ್ ಬರೋದಿಲ್ಲ ಅಂತ ಹೆದರಬೇಡಿ. ಮಾತುಗಳ ನಕ್ಷೆ ತುಂಬಾ ಸರಳ. ಮೊದಲು ಒಂದು ನಮಸ್ಕಾರ: ‘ಆವೆ ಮರೀಯಾ, ಗ್ರಾತ್ಸಿಯಾ ಪ್ಲೇನಾ, ದೋಮಿನುಸ್ ತೇಕುಮ್, ವಿರ್ಗೊ ಸೆರೇನಾ’. ನಮಸ್ಕಾರ ಮರಿಯಾ, ಕೃಪೆ ತುಂಬಿದವಳೇ, ಪ್ರಭು ನಿನ್ನ ಜೊತೆ ಇದ್ದಾನೆ, ಪ್ರಶಾಂತ ಕನ್ಯೆಯೇ.

ಆಮೇಲೆ ಐದು ಚಿಕ್ಕ ಪದ್ಯ. ಐದೂ ‘ಆವೆ’ ಅಂತಲೇ ಶುರು. ಒಂದೊಂದೂ ಮರಿಯಮ್ಮನವರ ಒಂದೊಂದು ಹಬ್ಬ. ಅವಳು ತನ್ನ ತಾಯಿಯ ಹೊಟ್ಟೆಯಲ್ಲಿ ಮೂಡಿದ್ದು ಡಿಸೆಂಬರ್ 8. ಹುಟ್ಟಿದ್ದು ಸೆಪ್ಟೆಂಬರ್ 8. ದೇವದೂತ ಬಂದು ಸುದ್ದಿ ಹೇಳಿದ್ದು ಮಾರ್ಚ್ 25. ಶುದ್ಧೀಕರಣ ಫೆಬ್ರವರಿ 2. ಸ್ವರ್ಗಕ್ಕೆ ಹೋದದ್ದು ಆಗಸ್ಟ್ 15. ಇದರಲ್ಲಿ ಸೆಪ್ಟೆಂಬರ್ 8 ನಮಗೆ ಚೆನ್ನಾಗಿ ಗೊತ್ತಿರುವ ದಿನವೇ. ಮಂಗಳೂರು ಕಡೆಯ ಮೊಂತಿ ಫೆಸ್ತ್ ಅದೇ ದಿನ. ಮಕ್ಕಳು ಹೂವು ತರುತ್ತಾರೆ, ಹೊಸ ತೆನೆ ಮನೆಗೆ ಬರುತ್ತದೆ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಜಾತ್ರೆಯೂ ಆವತ್ತೇ. ಹಾಡಿನ ಎರಡನೇ ಪದ್ಯ ಆ ಹಬ್ಬದ್ದು.

ಕೊನೆಗೆ ಒಂದೇ ಒಂದು ಸಾಲು: ‘ಓ ಮಾತೆರ್ ದೇಯಿ, ಮೆಮೆಂತೊ ಮೇಯಿ. ಆಮೆನ್.’ ದೇವರ ತಾಯಿಯೇ, ನನ್ನನ್ನು ನೆನಪಿಟ್ಟುಕೋ. ಇಷ್ಟು ಹೊತ್ತು ‘ನಮ್ಮ’ ಹಬ್ಬ, ‘ನಮ್ಮ’ ರಕ್ಷಣೆ ಅಂತ ಹೇಳುತ್ತಿದ್ದ ಹಾಡು ಇಲ್ಲಿ ಬಂದು ‘ನನ್ನನ್ನು’ ಅನ್ನುತ್ತದೆ. ಇದನ್ನು ನೆನಪಿಟ್ಟಿರಿ, ಮತ್ತೆ ಬರುತ್ತೇನೆ.

ನಾಲ್ಕನೆಯದು: ಮೊದಲ ಒಂದು ನಿಮಿಷ ಮಾತ್ರ, ನಾಲ್ಕು ಸಲ

ಪೂರ್ತಿ ಹಾಡು ಕೇಳಬೇಡಿ. ಮೊದಲ ನಮಸ್ಕಾರದವರೆಗೆ ಮಾತ್ರ ಕೇಳಿ, ನಿಲ್ಲಿಸಿ, ಮತ್ತೆ ಹಾಕಿ.

ಸೊಪ್ರಾನೊ ಒಂದೇ ದನಿ ‘ಆವೆ ಮರೀಯಾ’ ಅನ್ನುತ್ತದೆ. ಅದು ಮುಗಿಯುವ ಹೊತ್ತಿಗೆ ಆಲ್ಟೊ ಅದನ್ನೇ ಎತ್ತಿಕೊಳ್ಳುತ್ತದೆ. ಆಮೇಲೆ ಟೆನರ್. ಆಮೇಲೆ ಬಾಸ್. ನಾಲ್ವರದೂ ಅದೇ ಪ ಸ ಸ ರಿ ಗ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹೇಳುತ್ತಾರಲ್ಲ, ಹಾಗೆ ಶುರುವಾಗುತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ಹೇಳಿಕೊಟ್ಟವರು ಸುಮ್ಮನೆ ಕೂರೋದಿಲ್ಲ. ಬಾಸ್ ಇನ್ನೂ ‘ಮರೀಯಾ’ ಅನ್ನುತ್ತಿರುವಾಗಲೇ ಮೇಲೆ ಸೊಪ್ರಾನೊ ‘ಗ್ರಾತ್ಸಿಯಾ ಪ್ಲೇನಾ’ಕ್ಕೆ ಹೋಗಿರುತ್ತದೆ. ಅದನ್ನೂ ಮತ್ತೆ ಅದೇ ಸಾಲಿನಲ್ಲಿ ಆಲ್ಟೊ, ಟೆನರ್, ಬಾಸ್ ಹಿಡಿಯುತ್ತವೆ.

ಈಗ ಮಾಡಬೇಕಾದ್ದು ಇಷ್ಟು. ಮೊದಲ ಸಲ ಸೊಪ್ರಾನೊ ಮಾತ್ರ ಹಿಂಬಾಲಿಸಿ. ಎರಡನೇ ಸಲ ಬಾಸ್ ಮಾತ್ರ. ಬಾಸ್ ಬರುವವರೆಗೆ ಕಾಯಿರಿ, ಬಂದ ಮೇಲೆ ಬಿಡಬೇಡಿ, ಮೇಲಿನವರು ಏನು ಮಾಡಿದರೂ ಆ ಕಡೆ ಹೋಗಬೇಡಿ. ಮೂರನೇ ಸಲ ಟೆನರ್. ಇದು ಕಷ್ಟ, ನಡುವಿನ ದನಿ ಯಾವಾಗಲೂ ಜಾರುತ್ತದೆ. ಜಾರಿದರೆ ಪರವಾಗಿಲ್ಲ, ಮುಂದಿನ ಪದಕ್ಕೆ ಅದು ಹೊಸದಾಗಿ ಶುರುವಾಗುವಾಗ ಮತ್ತೆ ಹಿಡಿಯಬಹುದು. ನಾಲ್ಕನೇ ಸಲ ಯಾರನ್ನೂ ಹಿಡಿಯಬೇಡಿ. ಸುಮ್ನೆ ಕೇಳಿ. ಮೊದಲು ಒಂದೇ ಗೋಜಲಾಗಿ ಕೇಳಿದ್ದು ಈಗ ನಾಲ್ಕು ದಾರ ಆಗಿರುತ್ತದೆ.

ಇದನ್ನು ಕಲಿಯುವವರಿಗಾಗಿ ಮಾಡಿದ ಹಾಗಿದೆ ಅಂದದ್ದು ಇದಕ್ಕೇ. ಜೋಸ್ಕಾನ್ ದನಿಗಳನ್ನು ಒಂದೊಂದಾಗಿ, ಮೇಲಿನಿಂದ ಕೆಳಕ್ಕೆ, ಸಾಲಾಗಿ ಪರಿಚಯ ಮಾಡಿಕೊಡುತ್ತಾನೆ. ನಾಲ್ಕೂ ಗಟ್ಟಿಯಾಗಿ ಒಟ್ಟಿಗೆ ಸೇರೋದು ‘ವಿರ್ಗೊ ಸೆರೇನಾ’ದಲ್ಲಿ. ಅಲ್ಲಿಯವರೆಗೆ ಕಾಯಿಸುತ್ತಾನೆ.

ಪಾಲಿಫೋನಿ, ಅಂದರೆ ಹೀಗೆ ಹಲವು ಧಾಟಿ ಹೆಣೆದ ಸಂಗೀತ, ಕೇಳುವವರು ಮಾಡುವ ದೊಡ್ಡ ತಪ್ಪು ನಾಲ್ಕನ್ನೂ ಒಂದೇ ಸಲ ಹಿಡಿಯಲು ಹೋಗೋದು. ಅದು ಯಾರಿಗೂ ಆಗೋದಿಲ್ಲ. ಒಂದನ್ನು ಹಿಡಿದರೆ ಉಳಿದ ಮೂರು ತಾವೇ ಸುತ್ತ ನಿಲ್ಲುತ್ತವೆ.

ಐದನೆಯದು: ಜೋಡಿಗಳನ್ನು ಎಣಿಸಿ

ಈಗ ಮುಂದಕ್ಕೆ ಹೋಗಿ. ಮೊದಲ ಪದ್ಯ, ‘ಆವೆ ಕೂಯುಸ್ ಕೊನ್ಚೆಪ್ತ್ಸಿಯೊ’. ಸಾಲಾಗಿ ಬರೋ ಆಟ ಇಲ್ಲಿ ನಿಲ್ಲುತ್ತದೆ. ಮೇಲಿನ ಎರಡು ದನಿ ಜೋಡಿಯಾಗಿ ಶುರು ಮಾಡುತ್ತವೆ, ಕೆಳಗಿನವು ಅದನ್ನು ಎತ್ತಿಕೊಳ್ಳುತ್ತವೆ. ಆಮೇಲೆ ‘ಪ್ಲೇನಾ’, ಅಂದರೆ ‘ತುಂಬಿದ’ ಅನ್ನುವ ಮಾತಿನ ಸಾಲಿಗೆ ನಾಲ್ಕೂ ದನಿ ನುಗ್ಗುತ್ತವೆ. ಆಕಾಶ, ಭೂಮಿ ಎರಡನ್ನೂ ಹೊಸ ಸಂತೋಷ ತುಂಬಿತು ಅನ್ನುವಾಗ ಹಾಡೇ ತುಂಬಿಕೊಳ್ಳುತ್ತದೆ. ಮಾತಿನ ಅರ್ಥ ಮೊದಲೇ ಓದಿಕೊಂಡದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಎರಡನೇ, ಮೂರನೇ ಪದ್ಯದಲ್ಲೂ ಮೇಲಿನ ಜೋಡಿ, ಕೆಳಗಿನ ಜೋಡಿ ಸವಾಲ್-ಜವಾಬ್ ಮಾಡುತ್ತಿರುತ್ತವೆ. ಕೈಬೆರಳು ಬಳಸಿ. ಎರಡು ದನಿ ಕೇಳಿದರೆ ಎರಡು ಬೆರಳು, ನಾಲ್ಕು ಕೇಳಿದರೆ ನಾಲ್ಕು. ಮಕ್ಕಳಾಟ ಅನ್ನಿಸಬಹುದು. ಆದರೆ ಎಣಿಸುತ್ತಾ ಕೇಳಿದ ಎರಡನೇ ಸಲಕ್ಕೇ ಜೋಸ್ಕಾನ್ ಎಷ್ಟು ಕಡಿಮೆ ಹೊತ್ತು ನಾಲ್ಕೂ ದನಿ ಬಳಸುತ್ತಾನೆ ಅನ್ನೋದು ಗೊತ್ತಾಗಿಬಿಡುತ್ತದೆ. ಜಿಪುಣ. ಅದಕ್ಕೇ ನಾಲ್ಕೂ ಸೇರಿದಾಗ ಮೈ ಝುಂ ಅನ್ನೋದು.

ಇವನ ಸ್ವಭಾವವೇ ಹಾಗಿತ್ತೇನೋ. 1502ರಲ್ಲಿ ಇಟಲಿಯ ಫೆರ್ರಾರದ ಡ್ಯೂಕ್ ಹಾಡುಗಾರನೊಬ್ಬನನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಹುಡುಕುತ್ತಿದ್ದ. ಅವನ ಕಡೆಯವನೊಬ್ಬ ಬರೆದ ಪತ್ರ ಉಳಿದಿದೆ. ಇಸಾಕ್ ಅನ್ನುವ ಇನ್ನೊಬ್ಬ ರಚನೆಕಾರ 120 ಡುಕಾಟ್‌ಗೆ (ಆಗಿನ ಚಿನ್ನದ ನಾಣ್ಯ) ಬರುತ್ತಾನೆ, ಜನರ ಜೊತೆ ಹೊಂದಿಕೊಳ್ಳುತ್ತಾನೆ, ಬೇಗ ಬೇಗ ಬರೆದುಕೊಡುತ್ತಾನೆ. ಜೋಸ್ಕಾನ್ ಅವನಿಗಿಂತ ಚೆನ್ನಾಗಿ ಬರೆಯುತ್ತಾನೆ ನಿಜ, ಆದರೆ ತನಗೆ ಮನಸ್ಸು ಬಂದಾಗ ಮಾತ್ರ, ಮತ್ತೆ ಕೇಳೋದು 200 ಡುಕಾಟ್. ಡ್ಯೂಕ್ ಜೋಸ್ಕಾನ್‌ನನ್ನೇ ಇಟ್ಟುಕೊಂಡ.

ಆರನೆಯದು: ಅಡಗಿರುವ ಟೆನರ್ ಹಿಡಿಯಿರಿ

ನಾಲ್ಕನೇ ಪದ್ಯ, ‘ಆವೆ ವೇರಾ ವಿರ್ಜಿನಿತಾಸ್’. ನನಗೆ ಇಡೀ ಹಾಡಿನಲ್ಲಿ ಜಾಸ್ತಿ ಇಷ್ಟವಾದ ಜಾಗ. ಬೇಕಿದ್ದರೆ ಒಂದು ವಾರ ಇಲ್ಲೇ ಕೂತಿರಿ, ತಪ್ಪಿಲ್ಲ.

ಮೊದಲು ಎಣಿಕೆ ಬದಲಾಗೋದನ್ನು ಗಮನಿಸಿ. ಇಲ್ಲಿಯವರೆಗೆ ತಕಧಿಮಿ, ತಕಧಿಮಿ ಅಂತ ಎರಡೆರಡರ ಲೆಕ್ಕದಲ್ಲಿ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ತಕಿಟ, ತಕಿಟ ಆಗುತ್ತದೆ. ತೊಡೆ ಮೇಲೆ ಮೆಲ್ಲಗೆ ತಟ್ಟಿಕೊಂಡರೆ ಸರಿಯಾಗಿ ಸಿಗುತ್ತದೆ. ಆ ಕಾಲದ ಹಾಡುಗಾರರೂ ಕೈ ಕೆಳಗೆ ಮೇಲೆ ಮಾಡುತ್ತಲೇ ಲೆಕ್ಕ ಹಿಡಿಯುತ್ತಿದ್ದರು. ಅವರ ಪುಸ್ತಕದಲ್ಲಿ ನಾಲ್ಕು ದನಿ ಒಂದರ ಕೆಳಗೊಂದು ಇರುತ್ತಿರಲಿಲ್ಲ. ತೆರೆದ ಪುಟದ ನಾಲ್ಕು ಮೂಲೆಯಲ್ಲಿ ಒಂದೊಂದು ದನಿ. ಎಣಿಕೆಯನ್ನು ತುಂಡು ತುಂಡಾಗಿ ಬೇರ್ಪಡಿಸುವ ನಿಲುವುಗೆರೆಗಳೂ (ಬಾರ್ ಲೈನ್) ಇಲ್ಲ. ಪಕ್ಕದವನು ಏನು ಹಾಡುತ್ತಾನೆ ಅನ್ನೋದು ಕಣ್ಣಿಗೆ ಸುಲಭವಾಗಿ ಕಾಣೋದಿಲ್ಲ, ಕಿವಿಯಲ್ಲೇ ತಿಳಿಯಬೇಕು.

ಎರಡನೆಯದಾಗಿ, ಇಲ್ಲಿ ನಾಲ್ಕೂ ದನಿ ಒಟ್ಟಿಗೆ ಹೆಜ್ಜೆ ಹಾಕುತ್ತಿರುವ ಹಾಗೆ ಕೇಳುತ್ತದೆ. ಪದಗಳು ಬಹುತೇಕ ಸ್ಪಷ್ಟ. ಅಬ್ಬಾ, ಕೊನೆಗೂ ಸರಳವಾಯಿತು ಅನ್ನಿಸುತ್ತದೆ. ಆದರೆ ಏನೋ ಒಂದು ಅಂಚಿನಲ್ಲಿ ಎಳೆಯುತ್ತಿದೆ, ಅಲ್ವಾ? ಅದು ಟೆನರ್. ಸೊಪ್ರಾನೊ ಹಾಡಿದ ಧಾಟಿಯನ್ನೇ ಟೆನರ್ ಒಂದು ಎಣಿಕೆ ತಡವಾಗಿ, ಐದು ಸ್ವರ ಕೆಳಗಿನಿಂದ ಹಾಡುತ್ತಿದೆ. ಸೊಪ್ರಾನೊ ಸ ಹಿಡಿದರೆ ಟೆನರ್ ಅದರ ಕೆಳಗಿನ ಮ ಹಿಡಿಯುತ್ತದೆ. ಇದಕ್ಕೆ ಕ್ಯಾನನ್ ಅನ್ನುತ್ತಾರೆ. ಅಣ್ಣನ ನೆರಳಿನಲ್ಲಿ ತಮ್ಮ ನಡೆದ ಹಾಗೆ, ಒಂದು ಹೆಜ್ಜೆ ಹಿಂದೆ.

ಹಿಡಿಯುವ ಉಪಾಯ ಹೀಗೆ. ಮೊದಲು ಸೊಪ್ರಾನೊ ಧಾಟಿಯನ್ನು ಬಾಯಿಪಾಠ ಮಾಡಿ. ಅದು ಚಿಕ್ಕದು, ಮೂರ್ನಾಲ್ಕು ಸಲಕ್ಕೆ ಬರುತ್ತದೆ. ಆಮೇಲೆ ಹಾಡು ಹಾಕಿ ಗಂಡುದನಿಗಳ ಕಡೆ ಕಿವಿ ಇಡಿ. ಗೊತ್ತಿರುವ ಧಾಟಿ ಕೆಳಗಿನಿಂದ ಬರೋದು ಕೇಳುತ್ತದೆ. ಒಂದು ಸಲ ಕೇಳಿದ ಮೇಲೆ ಕೇಳದೆ ಇರೋಕೆ ಆಗೋದಿಲ್ಲ. ನನಗೆ ಅದು ಸಿಕ್ಕಿದ ದಿನ ಬಸ್ಸಿನಲ್ಲಿದ್ದೆ, ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿತ್ತು.

ಐದನೇ ಪದ್ಯದಲ್ಲಿ ಮತ್ತೆ ಎರಡರ ಲೆಕ್ಕ, ಮತ್ತೆ ಒಬ್ಬರ ಹಿಂದೆ ಒಬ್ಬರು. ಸ್ವರ್ಗಕ್ಕೆ ಹೋಗುವ ಪದ್ಯ. ಇದರ ಬಗ್ಗೆ ಹೇಳೋದು ಹೆಚ್ಚಿಲ್ಲ, ಓಡಿಕೊಂಡು ಹೋಗುತ್ತದೆ.

ಏಳನೆಯದು: ಮೌನಕ್ಕೆ ಕಾಯಿರಿ

ಓಟ ಮುಗಿಯುತ್ತದೆ. ಎಲ್ಲರೂ ನಿಲ್ಲುತ್ತಾರೆ. ನಿಜವಾಗಿಯೂ ನಾಲ್ಕೂ ದನಿ ಒಟ್ಟಿಗೆ ಸುಮ್ಮನಾಗುತ್ತವೆ. ಇಷ್ಟು ಹೊತ್ತು ಯಾರಾದರೂ ಒಬ್ಬರು ಹಾಡುತ್ತಲೇ ಇದ್ದರು, ಒಬ್ಬರು ಉಸಿರು ಬಿಟ್ಟರೆ ಇನ್ನೊಬ್ಬರು ಹಿಡಿಯುತ್ತಿದ್ದರು. ಇಲ್ಲಿ ಮಾತ್ರ ಖಾಲಿ.

ಆಮೇಲೆ ‘ಓ ಮಾತೆರ್ ದೇಯಿ’. ಉದ್ದುದ್ದ ಸ್ವರಗಳು. ಯಾರೂ ಯಾರನ್ನೂ ಹಿಂಬಾಲಿಸೋದಿಲ್ಲ, ಅಟ್ಟಾಡಿಸೋದಿಲ್ಲ. ನಾಲ್ಕು ದನಿ, ಒಂದೇ ಮಾತು, ಒಂದೇ ಹೊತ್ತಿಗೆ. ‘ನನ್ನನ್ನು ನೆನಪಿಟ್ಟುಕೋ.’ ‘ನಮ್ಮ’ ಅನ್ನುತ್ತಿದ್ದಾಗ ನಾಲ್ಕು ಜನರಾಗಿದ್ದವರು ‘ನನ್ನ’ ಅನ್ನುವಾಗ ಒಬ್ಬರಾಗಿದ್ದಾರೆ. ಇದು ಜೋಸ್ಕಾನ್ ಬೇಕಂತಲೇ ಮಾಡಿದ್ದು ಅಂತ ನಾನು ನಂಬಿದ್ದೇನೆ.

ಕೊನೆಯ ‘ಆಮೆನ್’ನಲ್ಲಿ ಕೊನೆಯ ಸ್ವರಗಳನ್ನು ಗಮನವಿಟ್ಟು ಕೇಳಿ. ಅಲ್ಲಿ ಗ ಇಲ್ಲ. ಬರೀ ಸ ಮತ್ತು ಪ, ಬೇರೆ ಬೇರೆ ಸ್ಥಾಯಿಯಲ್ಲಿ. ಎರಡನೇ ಹೆಜ್ಜೆಯಲ್ಲಿ ಹಾಕಿಕೊಂಡಿದ್ದ ತಂಬೂರಿ ಆ್ಯಪ್ ಈಗ ಮತ್ತೆ ಹಾಕಿ ನೋಡಿ, ಧ್ವನಿಮುದ್ರಣದ ಶ್ರುತಿಗೆ ಹೊಂದಿಸಿಕೊಂಡು. ಹಾಡು ನಿಂತ ಜಾಗದಿಂದಲೇ ತಂಬೂರಿ ಮುಂದುವರಿಯುತ್ತದೆ.

ಎಂಟನೆಯದು: ಒಂದು ದನಿಯನ್ನು ನೀವೇ ಹಾಡಿ

ಇದು ಕಡ್ಡಾಯ ಅಲ್ಲ. ಆದರೆ ಮಾಡಿದವರಿಗೆ ಲಾಭ ಜಾಸ್ತಿ. ಸ್ಕೋರ್, ಅಂದರೆ ಹಾಡನ್ನು ಸ್ವರಲಿಪಿಯಲ್ಲಿ ಬರೆದದ್ದು, ಉಚಿತವಾಗಿ ಸಿಗುತ್ತದೆ. ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿ ಅನ್ನುವ ಜಾಲತಾಣದಲ್ಲಿ ಹುಡುಕಿ. ಸ್ಟಾಫ್ ನೋಟೇಷನ್ ಓದಲು ಬರದಿದ್ದರೆ, ಹಾಡಿನ ಜೊತೆ ಸ್ಕೋರ್ ಓಡುವ ವಿಡಿಯೋಗಳಿವೆ. ಚುಕ್ಕೆ ಮೇಲೆ ಹೋದರೆ ದನಿ ಮೇಲೆ, ಕೆಳಗೆ ಬಂದರೆ ಕೆಳಗೆ, ಅಷ್ಟು ಸಾಕು.

ಗಂಡಸರು ಬಾಸ್‌ನಿಂದ ಶುರು ಮಾಡಿ, ಹೆಂಗಸರು ಸೊಪ್ರಾನೊದಿಂದ. ಅಂಚಿನ ದನಿಗಳನ್ನು ಹಿಡಿದು ನಿಲ್ಲೋದು ಸುಲಭ. ಮೊದಲ ಒಂದು ನಿಮಿಷವನ್ನು ಧ್ವನಿಮುದ್ರಣದ ಜೊತೆ ಮೆಲ್ಲಗೆ ಹಾಡಿ, ಬೇರೆ ದನಿ ನಿಮ್ಮನ್ನು ಎಳೆದುಕೊಂಡು ಹೋಗದ ಹಾಗೆ. ಎಳೆದುಕೊಂಡು ಹೋಗುತ್ತದೆ. ನನ್ನನ್ನು ಈಗಲೂ ಸೊಪ್ರಾನೊ ಎಳೆಯುತ್ತದೆ, ಟೆನರ್ ಹಾಡುತ್ತಾ ಹಾಡುತ್ತಾ ಒಂದು ಎಣಿಕೆ ಮುಂದೆ ಓಡಿಬಿಟ್ಟಿರುತ್ತೇನೆ. ಮನೆಯಲ್ಲಿ ಇನ್ನೊಬ್ಬರು ಸಿಕ್ಕರೆ ಇಬ್ಬರೇ ಹಾಡಿ ನೋಡಿ. ಒಬ್ಬರು ‘ಆವೆ ಮರೀಯಾ’ ಮುಗಿಸುವಾಗ ಇನ್ನೊಬ್ಬರು ಶುರು ಮಾಡಿ.

ಇದಾದ ಮೇಲೆ ಏನು ಕೇಳಬೇಕು?

ಪ್ಯಾಲೆಸ್ಟ್ರೀನನ ‘ಸಿಕುತ್ ಚೆರ್ವುಸ್’ ನಾಲ್ಕು ದನಿಯದ್ದು. ನೀರಿಗಾಗಿ ಬಾಯಾರಿದ ಜಿಂಕೆಯ ಮಾತು ಅದು. ಇದೇ ಉಪಾಯಗಳು ಅಲ್ಲೂ ನಡೆಯುತ್ತವೆ, ಅಂಚುಗಳು ಮಾತ್ರ ಇನ್ನೂ ನಯ. ವಿಲಿಯಂ ಬರ್ಡ್‌ನ ‘ಆವೆ ವೇರುಮ್ ಕೊರ್ಪುಸ್’ ಕೂಡ ನಾಲ್ಕು ದನಿಯದ್ದೇ, 1605ರಲ್ಲಿ ಅಚ್ಚಾದದ್ದು. ಅದರಲ್ಲಿ ಓಟ ಕಡಿಮೆ, ನೋವು ಜಾಸ್ತಿ.

ಇವೆಲ್ಲ ಅಭ್ಯಾಸ ಆದ ಮೇಲೆ ಥಾಮಸ್ ಟ್ಯಾಲಿಸ್‌ನ ‘ಸ್ಪೆಮ್ ಇನ್ ಆಲಿಯುಮ್’ ಹಾಕಿ. ಸುಮಾರು 1570ರ ಇಂಗ್ಲೆಂಡಿನದ್ದು. ನಲವತ್ತು ದನಿ. ಐದೈದು ಜನರ ಎಂಟು ತಂಡ, ನಲವತ್ತು ಜನರಿಗೂ ಬೇರೆ ಬೇರೆ ಧಾಟಿ. ಅಲ್ಲಿ ಮಾತ್ರ ನಾನು ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಮರೆತುಬಿಡಿ. ಒಂದು ದನಿ ಹಿಡಿಯಲು ಹೋದರೆ ಜಾತ್ರೆಯಲ್ಲಿ ಮಗು ಕಳೆದುಕೊಂಡ ಹಾಗಾಗುತ್ತದೆ. ಹೆಡ್‌ಫೋನ್ ಹಾಕಿ, ಹಾಡು ಒಂದು ತಂಡದಿಂದ ಇನ್ನೊಂದು ತಂಡಕ್ಕೆ ದಾಟುತ್ತಾ ಹೋಗೋದನ್ನು ಕೇಳಿ. ನಲವತ್ತೂ ದನಿ ಮೊದಲ ಸಲ ಒಟ್ಟಿಗೆ ಬರೋದು ಸರಿಯಾಗಿ ನಲವತ್ತನೇ ಬಾರ್‌ಗೆ, ಅಂದರೆ ಸ್ಕೋರಿನಲ್ಲಿ ಎರಡು ನಿಲುವುಗೆರೆಗಳ ನಡುವಿನ ನಲವತ್ತನೇ ತುಂಡಿಗೆ. ಅಷ್ಟರೊಳಗೆ ಹೆಡ್‌ಫೋನಿನ ಸದ್ದು ಸ್ವಲ್ಪ ಕಡಿಮೆ ಮಾಡಿಕೊಂಡಿರಿ.